ಎರಡು ಕಾರಿಗೆ ಒಂದೇ ಮುಚ್ಚಳ

ನಾನು ಬಾಡಿಗೆಗಿದ್ದ ಮನೆಯ ಯಜಮಾನರ ಹಣೆಯ ಮೇಲೆ ವಿಭೂತಿಯ ಪಟ್ಟೆ ಮೂರು, ಗ್ರೀಸಿನದು ಒಂದು. ಪೂಜೆಯಿಂದ ಎದ್ದವರು ನೇರವಾಗಿ ಹೋಗಿ ಕಾರಿನ ಬಾನೆಟ್ ಎತ್ತುತ್ತಿದ್ದರು. ಬೆವರು ಬಂದರೆ ಮುಂಗೈಯಿಂದಲೇ ಒರೆಸಿಕೊಳ್ಳುವರು. ಹೊತ್ತೇರುವಷ್ಟರಲ್ಲಿ ಹಣೆಯಲ್ಲಿ ಕಪ್ಪು ಯಾವುದು, ಬಿಳುಪು ಯಾವುದು ಗೊತ್ತಾಗುತ್ತಿರಲಿಲ್ಲ. ನಾನು ಛೇಡಿಸಿದರೆ, "ಶಿವ ಮುನಿಸ್ಕೊಳ್ಳಲ್ಲ ಬಿಡಮ್ಮ, ಅವನೂ ಮೈಗೆಲ್ಲ ಬಳ್ಕೊಂಡೋನೇ" ಎನ್ನುತ್ತಿದ್ದರು.

ಅದು ಎಪ್ಪತ್ತರ ದಶಕ. ರಾಜಾಜಿನಗರದ ಅವರ ಮನೆಯ ಹಿಂಭಾಗದಲ್ಲಿ ನಾನು ಬಾಡಿಗೆಗಿದ್ದೆ, ಹತ್ತಿರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಅವರು ದಾವಣಗೆರೆ ಕಡೆಯವರು, ಖಜಾನೆ ಕಚೇರಿಯಿಂದ ನಿವೃತ್ತರಾದವರು. ವರ್ಗವಾಗಿ ಹೋದ ಯಾರೋ ಅಧಿಕಾರಿ ಅಗ್ಗಕ್ಕೆ ಬಿಟ್ಟುಹೋದ ವಿಲಾಯಿತಿ ಕಾರು ಅವರ ಪಾಲಿಗೆ ಬಂದಿತ್ತು. ಅದಕ್ಕೆ ಬಿಡಿಭಾಗ ಸಿಗುವುದು ಯಾವತ್ತೋ ನಿಂತಿತ್ತು. ಆದರೂ ಮೆಕ್ಯಾನಿಕ್ಕನ ಕೈಗೆ ಕೊಡುತ್ತಿರಲಿಲ್ಲ. "ಬಿಚ್ಚೋಕೆ ಧೈರ್ಯ ಬೇಕು ಅಷ್ಟೆ, ಕಟ್ಟೋದನ್ನ ಅದೇ ಹೇಳ್ಕೊಡುತ್ತೆ" ಎನ್ನುವರು. ಹಳೆಯ ಚಪ್ಪಲಿಯ ಚರ್ಮ ಕತ್ತರಿಸಿ ಎಂಜಿನ್ನಿನ ಸಂದಿಗೆ ಗ್ಯಾಸ್ಕೆಟ್ ಮಾಡಿದ್ದರು. ಫ್ಯಾನ್ ಬೆಲ್ಟ್ ಹರಿದಾಗ ಹೆಂಡತಿಯ ಸೀರೆ ಹರಿದು ಹುರಿ ಹೊಸೆದಿದ್ದರು. "ಉಟ್ಟಿರೋದನ್ನಾದ್ರೂ ಬಿಡ್ರೀ!" ಎಂದು, ನಾನು ಅಮ್ಮ ಎನ್ನುತ್ತಿದ್ದ ಆಕೆ ಒಳಗಿಂದ ಕೂಗಿದ್ದು ಇಡೀ ಬೀದಿಗೆ ಕೇಳಿಸಿತ್ತು.

ಆ ಅಮ್ಮನಿಗೇ ಎದೆಯಲ್ಲಿ ಗಂಟು ಬಂತು. ಆಪರೇಷನ್ ಆದ ಮೇಲೆ ದಿನಾ ಆಸ್ಪತ್ರೆಗೆ ಬಂದು ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿಕೊಳ್ಳಬೇಕು, ಒಂದು ದಿನವೂ ತಪ್ಪಿಸಬಾರದು ಎಂದರು ಡಾಕ್ಟರು. ಆಸ್ಪತ್ರೆ ಊರಿನ ಆ ಕೊನೆಗೆ. ಕೆಲವೇ ದಿನಕ್ಕೆ, ಸೆರಗು ತಾಕಿದರೂ ಉರಿಯುವಂತೆ ಅಮ್ಮನ ಚರ್ಮ ಸುಟ್ಟುಹೋಗಿತ್ತು. ಬಸ್ಸಿನ ನೂಕುನುಗ್ಗಲಂತೂ ಆಗದ ಮಾತು. ಒಮ್ಮೆ ಆಟೋದಲ್ಲಿ ಹೋಗಿಬಂದು ಆ ಕುಲುಕಾಟಕ್ಕೆ ಎರಡು ದಿನ ನರಳಿದರು. ಕಾರೇ ಗತಿ. ಬೇಸಿಗೆ ರಜೆಯಾದ್ದರಿಂದ ಅಮ್ಮನನ್ನು ಹಿಡಿದುಕೊಳ್ಳಲು ನಾನೂ ಜೊತೆಗೆ ಹೋಗುತ್ತಿದ್ದೆ.

ಅಂಥ ಹೊತ್ತಿನಲ್ಲೇ ಕಾರು ಕೈಕೊಟ್ಟಿತು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿರುಕು ಬಿಟ್ಟಿತ್ತು. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಕಪ್ಪು ವಸ್ತು. ಚರ್ಮದಲ್ಲೂ ಸೀರೆಯಲ್ಲೂ ಮಾಡಿಕೊಳ್ಳುವಂಥದ್ದಲ್ಲ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, "ಈ ಮಾಡಲ್ ಹೋಗಿ ಯಾವ ಕಾಲ ಆಯ್ತು ಸಾರ್" ಎಂದು ನಕ್ಕರು. ಶಿವಾಜಿನಗರದ ಗುಜರಿಯಲ್ಲೂ ಇರಲಿಲ್ಲ. ಕೊನೆಗೆ ಯಜಮಾನರು ಬಿರುಕಿಗೆ ಕಚೇರಿಯಲ್ಲಿ ಮುದ್ರೆ ಒತ್ತುವ ಅರಗು ಕಾಯಿಸಿ ತುಂಬಿದರು. "ಖಜಾನೆ ಬಾಗಿಲಿಗೇ ಇದನ್ನ ನಂಬಿದೀವಿ, ಇದಕ್ಕೆ ಸಾಲಲ್ವಾ?" ಎಂದರು. ಎಂಜಿನ್ ಬಿಸಿಯಾಗುವವರೆಗೆ ಕಾರು ಚೆನ್ನಾಗಿಯೇ ಓಡಿತು. ಮಾಗಡಿ ರಸ್ತೆಯಲ್ಲಿ ಅರಗು ಕರಗಿ, ಕಾರು ನಿಂತುಬಿಟ್ಟಿತು. ಬಿಸಿಲಿನಲ್ಲಿ ಅಮ್ಮ ಹಲ್ಲು ಕಚ್ಚಿ ಕೂತಿದ್ದರು. ಯಜಮಾನರು ರಸ್ತೆಯ ಪಕ್ಕ ನಿಂತು ತಲೆ ಚಚ್ಚಿಕೊಂಡರು.

ಇಡೀ ಊರಿನಲ್ಲಿ ಅಂಥದೇ ಇನ್ನೊಂದು ಕಾರು ಅವರಿಗೆ ಗೊತ್ತಿದ್ದದ್ದು ಕುರುಬರಹಳ್ಳಿಯಲ್ಲಿ. ಅಲ್ಲಿಯ ಗೌಡರೊಬ್ಬರು ಅದರ ಹಿಂದಿನ ಸೀಟು ಕಿತ್ತು ಹಾಲಿನ ಕ್ಯಾನು ತುಂಬಿಕೊಂಡು ಮನೆಮನೆಗೆ ಹಾಕುತ್ತಿದ್ದರು. "ನೀನೂ ಬಾರಮ್ಮ, ಕೇಳೋಕೆ ನನಗೆ ಬಾಯೇ ಬರಲ್ಲ" ಎಂದು ನನ್ನನ್ನು ಕರೆದುಕೊಂಡು ಹೋದರು. ಆದರೆ ಗೌಡರ ಕೊಟ್ಟಿಗೆಯ ಮುಂದೆ ನಾನು ಬಾಯಿ ತೆರೆಯುವ ಮುಂಚೆಯೇ ಯಜಮಾನರೇ ಕೈ ಮುಗಿದು ಮುಚ್ಚಳ ಕೇಳಿಬಿಟ್ಟರು. ಜನ್ಮದಲ್ಲಿ ಯಾರನ್ನೂ ಏನೂ ಬೇಡದ ಮನುಷ್ಯ.

"ಅದ್ನ ಕೊಟ್ಬುಟ್ರೆ ನನ್ ಹಾಲು ಹಟ್ಟೀಲೇ ಒಡ್ದೋಯ್ತದಲ್ಲ ಸ್ವಾಮಿ" ಎಂದ ಗೌಡರು, ಯಾರಿಗೆ ಹುಷಾರಿಲ್ಲವೆಂದು ನನ್ನನ್ನು ಕೇಳಿದರು. ಹೇಳಿದೆ. ಎಮ್ಮೆಯ ಬೆನ್ನು ಸವರಿದರು. "ಒಂದ್ ಕೆಲ್ಸ ಮಾಡಿ. ಬೆಳಗಿನ ಹಾಲು ಹಾಕ್ಬುಟ್ಟು ಎಂಟಕ್ಕೆ ಬಂದ್ಬುಡ್ತೀನಿ. ಆಗ ಬಿಚ್ಕೊಂಡ್ ಹೋಗಿ. ಸಂಜೆ ಹಾಲಿನ ಹೊತ್ಗೆ ತಂದ್ ಹಾಕ್ಬುಡಿ."

ಅಂದಿನಿಂದ ಎರಡು ಕಾರಿಗೆ ಒಂದೇ ಮುಚ್ಚಳ. ಯಜಮಾನರು ಬೆಳಿಗ್ಗೆ ಸೈಕಲ್ ತುಳಿದು ಹೋಗಿ ಅದನ್ನು ಟವೆಲಿನಲ್ಲಿ ಸುತ್ತಿ ತರುವರು, ನಮ್ಮ ಕಾರಿಗೆ ಹಾಕುವರು, ಆಸ್ಪತ್ರೆಯಿಂದ ಬಂದು ಮತ್ತೆ ಬಿಚ್ಚಿ ಒಯ್ಯುವರು. ನನ್ನ ಕೈಗೂ ಕೊಡುತ್ತಿರಲಿಲ್ಲ. "ಇದು ಬಿತ್ತು ಅಂದ್ರೆ ಎರಡು ಮನೆ ಬಿದ್ದಂಗೆ" ಎನ್ನುವರು. ದಿನಾ ಅವರು ಗೇಟು ದಾಟಿ ಬರುವವರೆಗೆ ನನ್ನ ಜೀವದಲ್ಲಿ ಜೀವ ಇರುತ್ತಿರಲಿಲ್ಲ. ಅಮ್ಮ ಮಾತ್ರ, "ಮದುವೇಲಿ ನನ್ ಕೈನೂ ಇಷ್ಟು ಭದ್ರವಾಗಿ ಹಿಡೀಲಿಲ್ಲ ಇವರು" ಎಂದು ನಗುವರು. ನಗುವಾಗ ಉಸಿರು ಸಾಲುತ್ತಿರಲಿಲ್ಲ. ಇಷ್ಟೆಲ್ಲ ಮಾಡಿದರೂ ಆಕೆ ಕರಗುತ್ತಲೇ ಇದ್ದರು. ಅದು ನಮ್ಮಿಬ್ಬರಿಗೂ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಬಂದು ಮಲಗಿದ ಅಮ್ಮ ನೀರು ಕೇಳಿದರು. ಎರಡು ಗುಟುಕು ಒಳಗೆ ಹೋಯಿತು. ಅಷ್ಟೇ.

ನಾನು ಗೋಳೋ ಎಂದು ಅತ್ತೆ. ಯಜಮಾನರು ಅಳಲಿಲ್ಲ. ಹೆಂಡತಿಯ ಕೈ ಹಿಡಿದು ಬಹಳ ಹೊತ್ತು ಕೂತಿದ್ದು, ಎದ್ದು ಹೊರಗೆ ಹೋದರು. ನೆಂಟರಿಗೆ ಹೇಳಿಕಳಿಸಲು ಹೋದರೆಂದುಕೊಂಡೆ. ಬಾನೆಟ್ ಮುಚ್ಚಿದ ಸದ್ದು ಕೇಳಿ ಓಡಿ ಬಂದು ನೋಡಿದರೆ, ಆಗಲೇ ಸೈಕಲ್ ತಿರುಗಿಸಿಕೊಂಡು ನಿಂತಿದ್ದಾರೆ. ನನಗೆ ತಡೆಯಲಾಗದಷ್ಟು ಸಿಟ್ಟು ಬಂತು.

"ಅಮ್ಮನ್ನ ಹಂಗೇ ಬಿಟ್ಟು ಎಲ್ಲಿಗೆ ಹೊರಟ್ರಿ?" ಎಂದು ಕಿರುಚಿದೆ.

ಅವರು ಟವೆಲಿನ ಗಂಟನ್ನು ಇನ್ನೊಮ್ಮೆ ಬಿಗಿದರು.

"ಅವ್ರ ಸಂಜೆ ಹಾಲಿಗೆ ಹೊತ್ತಾಯ್ತಮ್ಮ" ಎಂದರು. "ಇದನ್ನ ಕೊಟ್ಟು, ನಾಳೆಯಿಂದ ಬೇಡ ಅಂತ ಹೇಳಿ ಬರ್ತೀನಿ."