ಬೈಂದೂರಿನಿಂದ ಬಾರದ ಪೆಟ್ಟಿಗೆಗಳು

ತಲ್ಲೂರಿನ ಹತ್ತಿರದ ಗೇರುಬೀಜದ ಕಾರ್ಖಾನೆಯೊಂದರಲ್ಲಿ ನಾನು ಮೂವತ್ತು ವರ್ಷ ಖರೀದಿ ನೋಡಿಕೊಂಡೆ. ಓದಿದ್ದು ಹೈಸ್ಕೂಲಿನವರೆಗೆ. ಆದರೂ ಯಾವ ಸಾಮಾನು ಎಲ್ಲಿ ಒಳ್ಳೆಯದು ಸಿಗುತ್ತದೆ ಎಂಬುದನ್ನು ನನ್ನಷ್ಟು ತಿಳಿದವರು ಸುತ್ತಮುತ್ತ ಇರಲಿಲ್ಲ. ಇದನ್ನು ಈಗಲೂ ಧೈರ್ಯವಾಗಿ ಹೇಳುತ್ತೇನೆ.

ನಮ್ಮ ಕಡೆ ಮಳೆ ಹಿಡಿಯುವ ಮೊದಲು ಸೌದೆ, ಒಣಮೀನು, ಹಪ್ಪಳ ಎಲ್ಲ ಮನೆಯೊಳಗೆ ಸೇರಬೇಕು. ಕಾರ್ಖಾನೆಗೂ ನಾನು ಹಾಗೆಯೇ ಕೂಡಿಡುತ್ತಿದ್ದೆ. ನಾಲ್ಕು ತಿಂಗಳಿಗಾಗುವಷ್ಟು ರಟ್ಟಿನ ಪೆಟ್ಟಿಗೆಗಳನ್ನು ಮೇ ತಿಂಗಳಲ್ಲೇ ತರಿಸಿ ಗೋದಾಮು ತುಂಬಿಸುವುದು. ಆಗಸ್ಟಿನ ಹೊತ್ತಿಗೆ ಅಡಿಯ ಸಾಲುಗಳು ತೇವ ಕುಡಿದು ಬೂಸ್ಟು ಹಿಡಿಯುತ್ತಿದ್ದವು. ಮಳೆಯ ಪಾಲು ಎಂದು ಎಸೆಯುತ್ತಿದ್ದೆ.

ಧಣಿಗಳ ಮಗಳು ಆಡಳಿತ ವಹಿಸಿಕೊಂಡ ವರ್ಷ ಇದನ್ನು ನಿಲ್ಲಿಸಿದರು. ಮರುದಿನಕ್ಕೆ ಎಷ್ಟು ಪೆಟ್ಟಿಗೆ ಬೇಕೆಂದು ದಿನಾ ಸಂಜೆ ಬೈಂದೂರಿನಲ್ಲಿ ಪೆಟ್ಟಿಗೆ ಮಾಡುವ ಹೆಂಗಸಿಗೆ ನಾನು ಫೋನ್ ಮಾಡಬೇಕು. ಬೆಳಿಗ್ಗೆ ಅಷ್ಟೇ ಬರಬೇಕು. ಗೋದಾಮು ಖಾಲಿಯಾಯಿತು. ಖಾಲಿ ಗೋದಾಮಿನ ಬೀಗದ ಕೈ ಹಿಡಿದವನಿಗೆ ಯಾರು ಮರ್ಯಾದೆ ಕೊಡುತ್ತಾರೆ? ಈ ಪದ್ಧತಿ ಒಮ್ಮೆ ಕೈಕೊಟ್ಟರೆ ಹಳೆಯದೇ ಬರುತ್ತದೆ ಎಂದುಕೊಂಡೆ.

ಜುಲೈಯ ಒಂದು ಸಂಜೆ ಬೈಂದೂರಿಗೆ ಫೋನ್ ಮಾಡಿ, “ಅಕ್ಕಾ, ನಾಳೆ ಪೆಟ್ಗಿ ಬ್ಯಾಡ. ನಾಡ್ದ್ ಕಳ್ಸಿ” ಎಂದೆ.

“ಎಂತ ಮಾರಾಯ್ರೆ, ನಿಮ್ಮಲ್ ಗೇರ್‌ಬೀಜ ಮುಗ್ದ್ ಹೋಯ್ತಾ?” ಎಂದು ನಕ್ಕರು.

ಮರುದಿನ ಪ್ಯಾಕಿಂಗಿನ ಹೆಂಗಸರಿಗೆ ಕೆಲಸವಿಲ್ಲ. “ಹ್ವಾಯ್, ಹೊಸ ಪದ್ಧತಿ ಅಂದ್ರೆ ಸುಮ್ನೆ ಕೂಕಂಬುದಾ?” ಎಂದು ಒಬ್ಬರು ಕೂಗಿದರು. ನನಗೆ ಒಳಗೊಳಗೇ ಖುಷಿ. ಬೈಂದೂರಿನಿಂದ ಪೆಟ್ಟಿಗೆ ಬರಲಿಲ್ಲ ಎಂದಷ್ಟೇ ಧಣಿಗಳ ಮಗಳಿಗೆ ಹೇಳಿದೆ. ಆದರೆ ಅವರು ಗೋದಾಮಿನ ಮಾತೇ ಎತ್ತಲಿಲ್ಲ.

“ಹೊತ್ತಿಗ್ ಕೊಡುಕೆ ಆತಿಲ್ಲೆ ಅಂದ್ರೆ ಅವ್ರ್ ಬ್ಯಾಡ. ಬ್ರಹ್ಮಾವರದಗೆ ಬೇರೆ ಯಾರ್ ಇದ್ರ್ ಕಾಣಿ” ಎಂದರು.

ಬೈಂದೂರಿನ ಅಕ್ಕನ ಪೆಟ್ಟಿಗೆ ಮಾಡುವ ಶೆಡ್ಡಿನಲ್ಲಿ ಆರು ಮಂದಿ ನಮ್ಮ ಕೆಲಸವೊಂದನ್ನೇ ನಂಬಿದ್ದರು. ಅದು ಗೊತ್ತಿದ್ದೂ ನಾನು ಬ್ರಹ್ಮಾವರಕ್ಕೆ ಹೋಗಿ ಬೇರೆಯವರ ದರ ಕೇಳಿ ಬಂದೆ. ಎರಡು ದಿನ ಬಾಯಿ ಬಿಡಲಿಲ್ಲ.

ಮೂರನೆಯ ದಿನ, ಕೆಲಸ ಕೈತಪ್ಪುವ ಸುದ್ದಿ ಕೇಳಿ ಬೈಂದೂರಿನ ಅಕ್ಕನೇ ಬಂದರು. ಕೊಡೆ ಹೊರಗಿಟ್ಟು, ನನ್ನ ಕಡೆ ಒಮ್ಮೆ ನೋಡಿ, ಧಣಿಗಳ ಮಗಳಿಗೆ, “ತಪ್ಪ್ ನಮ್ದೇ ಅಮ್ಮಾ. ಇನ್ನ್ ಹೀಂಗ್ ಆತಿಲ್ಲೆ” ಎಂದರು. ನನ್ನನ್ನು ಹಿಡಿದುಕೊಡಲು ಅಕ್ಕನಿಗೆ ಒಂದೇ ಮಾತು ಸಾಕಿತ್ತು. ಕೆಲಸ ಉಳಿದರೆ ಸಾಕೆಂದು ಅದನ್ನೂ ನುಂಗಿದ್ದರು.

“ಅವ್ರ್ ತಪ್ಪಲ್ಲ. ಬ್ಯಾಡ ಅಂತ ಫೋನ್ ಮಾಡಿದ್ದ್ ನಾನ್” ಎಂದೆ.

“ಎಂತಕ್ಕೆ?” ಎಂದರು ಧಣಿಗಳ ಮಗಳು.

“ಗೋದಾಮ್ ಮತ್ತೆ ತುಂಬುಕೆ.”

ಧಣಿಗಳ ಮಗಳು ನಾನು ತಂದಿದ್ದ ಬ್ರಹ್ಮಾವರದ ದರದ ಚೀಟಿ ಹರಿದು ಹಾಕಿದರು. ನನ್ನನ್ನೂ ಕೆಲಸದಿಂದ ತೆಗೆಯಲಿಲ್ಲ.

ಆ ಮಳೆಗಾಲ ಒಂದು ಪೆಟ್ಟಿಗೆಯೂ ಬೂಸ್ಟು ಹಿಡಿಯಲಿಲ್ಲ. ಪದ್ಧತಿ ಸರಿಯಾಗಿಯೇ ಇತ್ತು. ಅದಕ್ಕೆ ಬೇಕಾಗಿದ್ದುದು ಗೋದಾಮಲ್ಲ, ನಂಬುವಂಥ ಮಾತು. ಬೈಂದೂರಿನ ಅಕ್ಕ ಮಾತ್ರ ನಾನು ನಿವೃತ್ತನಾಗುವವರೆಗೂ, ನಾನು ಫೋನಿಟ್ಟ ಮೇಲೆ ಪ್ಯಾಕಿಂಗಿನವರಿಗೂ ಒಮ್ಮೆ ಫೋನ್ ಮಾಡಿ ಕೇಳಿಯೇ ಪೆಟ್ಟಿಗೆ ಕಳಿಸುತ್ತಿದ್ದರು. ಹಾಗೆ ಕೇಳಬೇಡಿ ಎಂದು ನಾನು ಒಮ್ಮೆಯೂ ಹೇಳಲಿಲ್ಲ.