ತಿನ್ನದ ತಂಬಾಕು

ನನ್ನ ಗಂಡ ಜನ್ಮದಲ್ಲಿ ತಂಬಾಕು ಮುಟ್ಟಿದವರಲ್ಲ. ಯಾದಗಿರಿಯ ಕಚೇರಿಯಲ್ಲಿ ಗುಮಾಸ್ತರು. ಗುಟ್ಕಾ ಹಾಕಿಕೊಂಡವರು ಎದುರಿಗೆ ಬಂದರೆ, "ಬಾಯಿ ಏನ್ ತಿಪ್ಪಿ ಏನ್ರಿ?" ಎಂದು ಗದರುತ್ತಿದ್ದರು. ಅಂಥವರಿಗೇ ನಾಲಿಗೆಯ ಬುಡದಲ್ಲಿ ಹುಣ್ಣಾಯಿತು.

ಕಲಬುರಗಿಯ ಡಾಕ್ಟರು ಕ್ಯಾನ್ಸರ್ ಎಂದರು. ಕಾರಣ ಎಚ್‌ಪಿವಿ ಎಂಬ ವೈರಸ್ಸು. ದೈಹಿಕ ಸಂಬಂಧದಿಂದ ಹರಡುತ್ತದೆ, ಬಹಳ ಮಂದಿಗೆ ಬಂದು ತಾನೇ ಹೋಗುತ್ತದೆ, ಕೆಲವರಲ್ಲಿ ವರ್ಷಗಟ್ಟಲೆ ಅಡಗಿರುತ್ತದೆ, ಯಾರಿಂದ ಯಾವಾಗ ಬಂತೆಂದು ಹೇಳಲಾಗದು ಎಂದು ಬಿಡಿಸಿ ಹೇಳಿದರು. ಹನ್ನೆರಡು ವರ್ಷದ ಮಗಳಿದ್ದಾಳೆಂದು ಕೇಳಿ, ಅವಳಿಗೆ ಈಗಲೇ ಲಸಿಕೆ ಹಾಕಿಸಿ ಎಂದರು. ರೈಲಿನಲ್ಲಿ ವಾಪಸು ಬರುವಾಗ ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಾತಾಡಿಸಲು ಬಂದವರೆಲ್ಲ ಕೇಳಿದ್ದು ಒಂದೇ, "ಹೆಂಗ ಬಂತು?" ದೋರನಹಳ್ಳಿಯಿಂದ ಬಂದಿದ್ದ ಅತ್ತೆಗೆ ನಾನು ಎಲ್ಲ ಹೇಳಿದ್ದೆ. ಅವರು ನನ್ನ ಕಡೆ ಒಮ್ಮೆ ನೋಡಿ, ಸೊಂಟದ ಚಂಚಿ ಬಿಚ್ಚಿ ಎಲೆ, ಅಡಿಕೆ, ತಂಬಾಕು ಬಂದವರ ಮುಂದಿಟ್ಟರು. "ನಂದೇ ತಪ್ಪ. ನನ್ನ ಚಂಚ್ಯಾಗಿಂದು ಕದ್ದು ತಿಂತಿದ್ದ" ಎಂದುಬಿಟ್ಟರು. ಸೊಸೆಯ ಮೇಲೆ ಮಾತು ಬರಬಾರದೆಂದು ಮಗನ ಮೇಲೆ ಹಾಕಿದರು. ಬಂದವರು ಅದೇ ತಂಬಾಕು ಬಾಯಿಗೆ ಹಾಕಿಕೊಂಡು ಹೌದ್ಹೌದೆಂದರು.

ನನಗೆ ಹಗುರಾಯಿತು. ಹಗುರಾದದ್ದಕ್ಕೆ ನಾಚಿಕೆಯೂ ಆಯಿತು. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಎಂದು ಕಚೇರಿಯವರು ನಕ್ಕದ್ದು ನನ್ನ ಗಂಡನ ಕಿವಿಗೂ ಬಿತ್ತು. ಏಳು ವಾರ ರೈಲು ಹತ್ತಿ ಇಳಿದು ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿಕೊಂಡು ಬಂದೆವು. ಗಂಜಿಯೂ ಇಳಿಯದ ಅವರ ಗಂಟಲಲ್ಲಿ ಆ ಸುಳ್ಳಿನ ಮೇಲೆ ಜಗಳ ಎಲ್ಲಿಂದ ಬರಬೇಕು? ನನಗೂ ಸುಳ್ಳು ಸಾಕಾಗಿತ್ತು. ನಿಜ ಹೇಳಲು ತ್ರಾಣವಿರಲಿಲ್ಲ.

ಮೊನ್ನೆ ಮಗಳನ್ನು ಲಸಿಕೆಗೆ ಹೊರಡಿಸಿದ್ದೆ. ಪಕ್ಕದ ಮನೆಯಾಕೆಗೂ ಅದೇ ವಯಸ್ಸಿನ ಮಗಳಿದ್ದಾಳೆ. "ಎದರ ಸೂಜಿ ಅಕ್ಕಾ?" ಎಂದು ಆಕೆ ಕೇಳಿದಳು.

"ಏನಿಲ್ಲ, ತಾಕತ್ತಿಂದು" ಎಂದರು ಅತ್ತೆ. ನಾನೂ ಹೂಂ ಅಂದೆ.

ಬಾಗಿಲಲ್ಲಿ ಕೂತಿದ್ದ ನನ್ನ ಗಂಡ ಗೋಡೆ ಹಿಡಿದು ಎದ್ದರು. ದನಿ ಹರಿದುಹೋಗಿತ್ತು. "ಸುಳ್ಳ ತಂಗಿ. ನಾ ತಂಬಾಕ ತಿಂದಿಲ್ಲ. ನಂದು ವೈರಸ್ಸಿಂದ ಬಂದದ್ದು. ಅದು ಹತ್ತಬಾರ್ದಂತ ಈ ಸೂಜಿ. ನಿನ್ನ ಮಗಳಿಗೂ ಹಾಕ್ಸು."

"ಹತ್ತೂದಾ? ಯಾರಿಂದ?" ಎನ್ನುತ್ತ ಆಕೆ ನನ್ನನ್ನೇ ನೋಡಿದಳು. ಇಷ್ಟು ದಿನ ನಾನು ಹೆದರಿದ್ದು ಈ ನೋಟಕ್ಕೇ.

"ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಾಗಂಗಿಲ್ಲ" ಎಂದೆ. "ನಿನ್ನ ಮಗಳನ್ನ ಕರಿ, ಕೂಡೇ ಹೋಗೂಣು."