ಮುನ್ನೂರು ನಲವತ್ತನಾಲ್ಕಾದಾಗ

ಅಂಧ ಮಕ್ಕಳಿಗೆ ಬ್ರೈಲ್ ಪುಸ್ತಕಗಳನ್ನು ಅಚ್ಚು ಹಾಕುವ ನಮ್ಮ ಮುದ್ರಣಾಲಯದಲ್ಲಿ ಆಕೆಯನ್ನು ಎಲ್ಲರೂ ಕರೆಯುತ್ತಿದ್ದುದು ಜಗಮೊಂಡಿ ಎಂದೇ. ಹನ್ನೊಂದು ವರ್ಷ ಬೈಂಡಿಂಗ್ ಮೇಜಿನ ಮುಂದೆ ನಿಂತು ಪುಸ್ತಕ ಹೊಲಿದವಳು. ಯಂತ್ರ ಕೆಟ್ಟಾಗಲೆಲ್ಲ ಮೆಕ್ಯಾನಿಕ್‌ನ ಬೆನ್ನಿಗೆ ನಿಂತು "ಇದ್ಯಾಕೆ ಹೀಗೆ, ಅದ್ಯಾಕೆ ಹಾಗೆ" ಎಂದು ಪ್ರಾಣ ತಿಂದು, ಕೊನೆಗೆ ಅವನಿಗಿಂತ ಚೆನ್ನಾಗಿ ಕೋಡ್ ಬರೆಯುವುದನ್ನು ಕಲಿತಳು. ಅವಳ ಅಣ್ಣನೂ ಅಲ್ಲೇ ಪ್ರೂಫ್ ತಿದ್ದುತ್ತಿದ್ದ. ಹುಟ್ಟಿನಿಂದ ಕಣ್ಣಿಲ್ಲದವನು, ಅವನು ಓದುತ್ತಿದ್ದುದು ಬೆರಳಿನಿಂದ.

ಒಂದು ಬೆಳಿಗ್ಗೆ ಶಾಲೆಯೊಂದರಿಂದ ಫೋನ್ ಬಂತು. ನಾವು ಕಳಿಸಿದ ಗಣಿತ ಪುಸ್ತಕ ಮಕ್ಕಳಿಗೆ ಅರ್ಥವೇ ಆಗುತ್ತಿಲ್ಲವಂತೆ. ಅಣ್ಣ ಉಳಿದಿದ್ದ ಒಂದು ಪ್ರತಿಯನ್ನು ತರಿಸಿಕೊಂಡು ಬೆರಳಾಡಿಸಿದ.

"ಪುಟ್ಟಿ, ಒಂಬತ್ತರಲ್ಲಿ ನಾಲ್ಕು ಕಳೆಯೋ ಲೆಕ್ಕ ಇದು. ಕಳೆಯೋ ಚಿಹ್ನೆ ಇರಬೇಕಾದ ಜಾಗದಲ್ಲಿ ಙ ಕೂತಿದೆ."

"ಙ-ನಾ? ವರ್ಣಮಾಲೆ ಬಿಟ್ಟು ಹೊರಗೆ ಕಾಲಿಡದ ಅಕ್ಷರ ಅಲ್ವಾ ಅದು!"

ನಗು ಬಂತು, ಹಾಗೇ ಇಂಗಿಯೂ ಹೋಯಿತು. ಆ ಪುಸ್ತಕದ ಮುದ್ರಣಕ್ಕೆ ಕಡತ ಸಿದ್ಧಪಡಿಸಿದವಳು, ಅವಸರಕ್ಕೆ ಅಣ್ಣನಿಗೆ ಪ್ರೂಫ್ ತೋರಿಸದೆ ಅಚ್ಚಿಗೆ ಕೊಟ್ಟವಳು ಅವಳೇ.

ಮೂರು ದಿನ ಹುಡುಕಿದಳು. ತಪ್ಪು ಇದ್ದದ್ದು ನಾವು ಬಳಸುತ್ತಿದ್ದ ಲೈಬ್ರರಿಯಲ್ಲಿ, ಅಂದರೆ ಯಾರು ಬೇಕಾದರೂ ಬಳಸಿಕೊಳ್ಳಲೆಂದು ಬರೆದಿಟ್ಟ ಸಿದ್ಧ ಕೋಡ್‌ನಲ್ಲಿ. ಅದು ಸಂಖ್ಯೆಗಳ ಪಟ್ಟಿಯನ್ನು ಟೈಪ್ಡ್ ಅರೇಗೆ ತುಂಬಿ ಯಂತ್ರಕ್ಕೆ ಕೊಡುತ್ತಿತ್ತು. ಆ ಅರೇ ಎಂದರೆ ಒಂದೇ ಅಳತೆಯ ಖಾನೆಗಳ ಸಾಲು; ಒಂದೊಂದು ಖಾನೆಯಲ್ಲಿ ಸೊನ್ನೆಯಿಂದ ಇನ್ನೂರೈವತ್ತೈದರವರೆಗೆ ಮಾತ್ರ ಹಿಡಿಸುತ್ತದೆ. ಒಂದೊಂದು ಅಕ್ಷರಕ್ಕೂ ಚಿಹ್ನೆಗೂ ಒಂದು ಸಂಖ್ಯೆ; ಯಾವ ಸಂಖ್ಯೆಗೆ ಯಾವ ಬ್ರೈಲ್ ಚುಕ್ಕಿಗಳು ಎಂದು ಹೇಳಲು ಒಂದು ಕೋಷ್ಟಕ. ಹೊಸದಾಗಿ ಸೇರಿಸಿದ ಕಳೆಯುವ ಚಿಹ್ನೆಯ ಸಂಖ್ಯೆ ಮುನ್ನೂರು. ಅದಕ್ಕೆ ಯಾವ ಚುಕ್ಕಿ ಎಂದು ಕೋಷ್ಟಕದಲ್ಲಿ ಬರೆದಿರಲಿಲ್ಲ. ಹಾಗಾಗಿ ಅದು ನೇರವಾಗಿ ಖಾನೆಗೆ ಬಿತ್ತು. ಹಿಡಿಸದ ಇನ್ನೂರೈವತ್ತಾರು ಸದ್ದಿಲ್ಲದೆ ಉದುರಿ ನಲವತ್ತನಾಲ್ಕು ಉಳಿಯಿತು. ಯಂತ್ರಕ್ಕೆ ನಲವತ್ತನಾಲ್ಕು ಎಂದರೆ ಙ-ದ ಚುಕ್ಕಿಗಳು.

ಲೈಬ್ರರಿಯನ್ನು ನೋಡಿಕೊಳ್ಳುತ್ತಿದ್ದವರು ದೂರದೂರಿನ ಒಬ್ಬ ನಿವೃತ್ತ ಮೇಷ್ಟ್ರು. ಅವಳು ತಿದ್ದುಪಡಿ ಬರೆದು ಕಳಿಸಿದಳು: ಮೊದಲು ಕೊಟ್ಟದ್ದು ಸಂಖ್ಯೆಗಳ ಪಟ್ಟಿಯೇ ಎಂದು ನೋಡು, ಆಮೇಲೆ ಒಂದೊಂದು ಸಂಖ್ಯೆಯೂ ಕೋಷ್ಟಕದಲ್ಲಿದೆಯೇ ಎಂದು ನೋಡು, ತಪ್ಪಿದ್ದರೆ ಎಲ್ಲಿದೆಯೆಂದು ಹೇಳಿ ನಿಲ್ಲು, ಎಲ್ಲ ಸರಿಯಿದ್ದರಷ್ಟೇ ಚುಕ್ಕಿಗಳಾಗಿ ಬದಲಿಸು.

ಮೇಷ್ಟ್ರು ಫೋನ್ ಮಾಡಿದರು. "ಒಂದೊಂದನ್ನೂ ತಡೆದು ಕೇಳ್ತಾ ಕೂತ್ರೆ ನಿಧಾನ ಆಗುತ್ತಲ್ಲಮ್ಮ?"

"ಅಳೆದಿದ್ದೀನಿ ಸರ್. ನಾನೂರು ಪುಟಕ್ಕೆ ಕಣ್ಣು ಮಿಟುಕಿಸೋಷ್ಟೂ ಹೊತ್ತು ಹಿಡಿಯಲ್ಲ."

"ಹಾಗಾದ್ರೆ ಖಾನೆಗೆ ತುಂಬಿದ ಮೇಲೆ ನೋಡಿದ್ರಾಯ್ತು."

"ಆಗ ಮುನ್ನೂರು ಇರೋದೇ ಇಲ್ವಲ್ಲ ಸರ್. ಕಳ್ಳ ಒಳಗೆ ಬಂದು ಮನೆಯವರ ಅಂಗಿ ಹಾಕ್ಕೊಂಡ ಮೇಲೆ ಯಾರನ್ನ ಹಿಡೀತೀರಿ?"

ಮೇಷ್ಟ್ರು ನಕ್ಕರು, ಆದರೆ ಒಪ್ಪಲಿಲ್ಲ. ದಶಾಂಶ ಬಂದರೆ? ಪಟ್ಟಿಯೇ ಖಾಲಿಯಿದ್ದರೆ? ಕೊಟ್ಟವರ ಮೂಲ ಪಟ್ಟಿ ಕೆಡುವುದಿಲ್ಲವೆಂದು ಏನು ಗ್ಯಾರಂಟಿ? ಐದು ಸಲ ತಿದ್ದುಪಡಿ ಹಿಂದಕ್ಕೆ ಬಂತು. ಅವಳು ಗೊಣಗಿದಳು, ಒಮ್ಮೆ ಸ್ನಾನದ ಮನೆಯಲ್ಲಿ ಅತ್ತಳು ಕೂಡ. ಮುಖ ತೊಳೆದುಕೊಂಡು ಬಂದು ಮತ್ತೆ ಬರೆದಳು. ಆರನೆಯದನ್ನು ಮೇಷ್ಟ್ರು ಸೇರಿಸಿಕೊಂಡರು.

ಆಮೇಲೆ ಕಳೆಯುವ ಚಿಹ್ನೆಯನ್ನು ಕೋಷ್ಟಕಕ್ಕೆ ಸೇರಿಸಿ ಗಣಿತ ಪುಸ್ತಕದ ಮರುಮುದ್ರಣ. ವ್ಯಾನ್ ಬಾಗಿಲಲ್ಲಿ ಕಾಯುತ್ತಿತ್ತು, ಕೊನೆಯ ಭಾಗವಷ್ಟೇ ಬಾಕಿ. ಪ್ರೋಗ್ರಾಂ ತಟ್ಟನೆ ನಿಂತಿತು: ಪುಟ ಇನ್ನೂರಹನ್ನೆರಡು, ಸಾಲು ಒಂಬತ್ತು, ಗೊತ್ತಿಲ್ಲದ ಸಂಖ್ಯೆ.

ಮ್ಯಾನೇಜರ್ ಧುಮುಗುಟ್ಟುತ್ತಾ ಬಂದರು. "ಒಂದು ಸಂಖ್ಯೆಗೋಸ್ಕರ ಇಷ್ಟೆಲ್ಲಾ ನಿಲ್ಲಿಸ್ಬೇಕಾ? ಆ ತಪಾಸಣೆ ತೆಗೆದುಹಾಕಮ್ಮ!"

"ತೆಗೆಯಲ್ಲ ಸರ್."

"ಯಾರನ್ನ ಕೇಳಿ ತೆಗೆಯಲ್ಲ ಅಂತೀಯ?"

"ಓದೋ ಮಕ್ಕಳನ್ನ ಕೇಳ್ಕೊಂಡು ಬನ್ನಿ. ಅವರು ತೆಗಿ ಅಂದ್ರೆ ತೆಗೀತೀನಿ."

ಅವಳು ಕೋಷ್ಟಕ ತೆರೆದಳು. ಭಾಗಾಕಾರದ ಚಿಹ್ನೆಯೊಂದು ಬಿಟ್ಟುಹೋಗಿತ್ತು. ಸೇರಿಸಿ ಮತ್ತೆ ಓಡಿಸಿದಳು. ಅಣ್ಣ ಆಗತಾನೆ ಹೊರಬಂದ ಹಾಳೆ ಹಿಡಿದು ಆ ಸಾಲನ್ನು ಗಟ್ಟಿಯಾಗಿ ಓದಿದ, ಎರಡು ಸಲ. ಮ್ಯಾನೇಜರ್ ಕನ್ನಡಕ ಒರೆಸಿಕೊಂಡರು. ವ್ಯಾನ್ ಎರಡು ಗಂಟೆ ತಡವಾಗಿ ಹೊರಟಿತು.

ಮರುವರ್ಷ ಮೇಷ್ಟ್ರು ಲೈಬ್ರರಿಯ ಹೊಣೆಯನ್ನು ಅವಳಿಗೇ ವಹಿಸಿದರು. ಈಗ ಹದಿನೇಳು ಮುದ್ರಣಾಲಯಗಳು ಅದನ್ನು ಬಳಸುತ್ತವೆ. ಬೆಳಿಗ್ಗೆ ಆಕೆ ಪುಸ್ತಕ ಹೊಲಿಯುತ್ತಾಳೆ, ಮಧ್ಯಾಹ್ನ ಬೇರೆಯವರು ಕಳಿಸಿದ ತಿದ್ದುಪಡಿಗಳನ್ನು ಪರೀಕ್ಷಿಸುತ್ತಾಳೆ. ಹೆಚ್ಚಿನವನ್ನು ಹಿಂದಕ್ಕೆ ಕಳಿಸುತ್ತಾಳೆ.